ನಾಲ್ಕು ತೂತಿನ ಪೆಟ್ಟಿಗೆಯೂ ನಮ್ಮ ಮಾವನೂ

ಒಂದೇ ಟೆಲಿಫೋನ್ ಲೈನಿನಿಂದ ಮೂರು ಲೈನಿನ ಕೆಲಸ ತೆಗೆದ ಮಹಾಪುರುಷ ಎಂದು ಮಿನೆಸೋಟದ ನಮ್ಮ ಪುಟ್ಟ ಊರು ನನ್ನನ್ನು ಕೊಂಡಾಡಬೇಕು! ಹಾಗೆಂದು ನಾನೇ ತೀರ್ಮಾನಿಸಿದ್ದೆ. ಮನೆಯಲ್ಲೇ ಕೂತು ವಿಮೆ ಮಾರುವವನು ನಾನು. ಅಡುಗೆಮನೆಯಲ್ಲೊಂದು ಫೋನು, ನನ್ನ ಕೋಣೆಯಲ್ಲೊಂದು ಫೋನು, ಪಕ್ಕದಲ್ಲೊಂದು ಫ್ಯಾಕ್ಸು. ಯಾರು ಕರೆದರೂ ಮೂರೂ ಒಟ್ಟಿಗೆ ಬಡಿದುಕೊಳ್ಳುತ್ತಿದ್ದವು.

ಇವುಗಳಿಗೆ ಶಿಸ್ತು ಕಲಿಸಲೆಂದು ನಾಲ್ಕು ತೂತಿನ ಪೆಟ್ಟಿಗೆಯೊಂದನ್ನು ತರಿಸಿದೆ: ಲೈನಿಗೊಂದು ತೂತು, ಮೂರು ಯಂತ್ರಗಳಿಗೆ ಮೂರು. ಕರೆ ಬಂದರೆ ಪೆಟ್ಟಿಗೆಯೇ ಎತ್ತಿಕೊಳ್ಳುತ್ತದೆ. ಕರೆದವರು ಹನ್ನೊಂದು ಒತ್ತಿದರೆ ಅಡುಗೆಮನೆ, ಇಪ್ಪತ್ತೆರಡು ಒತ್ತಿದರೆ ನನ್ನ ಸನ್ನಿಧಿ. ಏನೂ ಒತ್ತದ ಅನಾಗರಿಕರು ನೇರ ಫ್ಯಾಕ್ಸಿನ ಪಾಲು. ಈ ಕೋಡುಗಳನ್ನೆಲ್ಲ ಒಂದು ಸಂಜೆ ಕೂತು ಪೆಟ್ಟಿಗೆಯೊಳಗೆ ತುಂಬಿದೆ.

"ಕೋಡ್ ಗೊತ್ತಿಲ್ಲದವ್ರು ಏನ್ಮಾಡ್ಬೇಕು?" ಎಂದಳು ಹೆಂಡತಿ ಮಾರ್ಲಿಸ್.

"ಕಲೀಬೇಕು," ಎಂದೆ.

ಮಾರನೆಯ ಬೆಳಿಗ್ಗೆ ಮನೆಯಲ್ಲಿ ಗಾಢ ಶಾಂತಿ. ಒಂದು ಫೋನೂ ಉಸಿರೆತ್ತಲಿಲ್ಲ. ಪ್ಯಾನ್‌ಕೇಕಿನ ಮೇಲೆ ಮೇಪಲ್ ಪಾಕ ಸುರಿದುಕೊಳ್ಳುತ್ತ ನನ್ನ ಬುದ್ಧಿಗೆ ನಾನೇ ತಲೆದೂಗಿದೆ. ಮಾರ್ಲಿಸ್ ಮಾತ್ರ ತಟ್ಟೆ ಮುಟ್ಟಲಿಲ್ಲ. ಊರಿನ ಆಚೆ ತುದಿಯಲ್ಲಿರುವ ಅವಳಪ್ಪ ಐನಾರ್, ರಾತ್ರಿ ಎಷ್ಟು ಹಿಮ ಬಿತ್ತೆಂದು ಮಗಳಿಗೆ ವರದಿ ಒಪ್ಪಿಸದೆ ಕಾಫಿ ಕುಡಿದವರಲ್ಲ. ಇವತ್ತು ಅವರ ಸುದ್ದಿಯೇ ಇಲ್ಲ. ಅವಳೇ ಫೋನ್ ಮಾಡಿದರೆ ಅತ್ತ ಲೈನ್ ಎಂಗೇಜ್. ಮತ್ತೆ ಮಾಡಿದರೂ ಎಂಗೇಜ್. ಅಪ್ಪ ಬಿದ್ದುಗಿದ್ದು ಫೋನು ಕೈಜಾರಿತೋ ಏನೋ ಎಂದು ಅವಳು ಬೂಟು ಹುಡುಕತೊಡಗಿದಳು.

ಮಾವನಿಗೂ ಕೋಡ್ ಹೇಳಿಕೊಟ್ಟಿದ್ದೇನೆ, ಒತ್ತಿದರೆ ಸಾಕು ಎಂದು ಸಮಾಧಾನ ಮಾಡಿದೆ.

ಅವಳು ಬೂಟು ಹಿಡಿದೇ ನನ್ನತ್ತ ತಿರುಗಿದಳು. "ಅಪ್ಪನ ಮನೇಲಿರೋದು ಬೆರಳಿಟ್ಟು ತಿರುಗಿಸೋ ಹಳೇ ಫೋನು. ಅದ್ರಲ್ಲಿ ಏನನ್ನ ಒತ್ತೋದು, ನಿನ್ನ ತಲೇನಾ?"

ಆ ಕ್ಷಣಕ್ಕೇ ನಮ್ಮ ಮುಂಬಾಗಿಲು ತನ್ನಷ್ಟಕ್ಕೆ ತಾನೇ ನಡುಮನೆಗೆ ಬಂದು ಮಲಗಿತು. ಅದರ ಹಿಂದೆ ಕೊಡಲಿ, ನೀರಿನ ಪೈಪು, ಹೆಲ್ಮೆಟ್ಟು ಸಮೇತ ಇಡೀ ಅಗ್ನಿಶಾಮಕ ದಳ!

ದಳದ ಮುಖ್ಯಸ್ಥ ಡ್ವೇನ್ ಹೊಗೆಗಾಗಿ ಸುತ್ತ ನೋಡಿದ. ಸಿಕ್ಕಿದ್ದು ಪ್ಯಾನ್‌ಕೇಕಿನ ಹಬೆ. ಮಗಳ ಮನೆಗೆ ಎಷ್ಟು ಸಲ ಫೋನ್ ಮಾಡಿದರೂ ಯಾರೋ ಕಿರುಚುತ್ತಿದ್ದಾರೆ, ಮನೆಗೆ ಬೆಂಕಿ ಬಿದ್ದಿದೆ ಎಂದು ಐನಾರ್ ದಳಕ್ಕೆ ಫೋನ್ ಮಾಡಿ ಗೋಳಾಡಿದರಂತೆ.

"ನಾವೂ ಒಂದ್ಸಲ ಫೋನ್ ಮಾಡಿ ನೋಡಿದ್ವಿ. ನಿಜವಾಗ್ಲೂ ಕಿರುಚಾಟ. ಇನ್ನೇನು ಬಾಗಿಲು ತಟ್ಟೋದು ಅಂತ ಒಡೆದೇಬಿಟ್ವಿ."

"ಅದು ಫ್ಯಾಕ್ಸು ಕೀರೋ ಸದ್ದು," ಎಂದೆ.

ಡ್ವೇನ್ ಬಾಗಿಲನ್ನು ನೋಡಿದ, ನನ್ನನ್ನು ನೋಡಿದ. "ವಿಮೆ ಇದೆ ತಾನೆ?"

ಇಡೀ ಊರಿಗೆ ವಿಮೆ ಮಾರಿದವನು ನಾನು! ನಮ್ಮ ಮನೆಯದನ್ನು ಮುಂದಿನ ವಾರ ನವೀಕರಿಸೋಣ ಎಂದುಕೊಂಡಿದ್ದೆ.

ಅಷ್ಟರಲ್ಲಿ ರಾತ್ರಿಯುಡುಪಿನ ಮೇಲೊಂದು ಕೋಟು ಸಿಕ್ಕಿಸಿಕೊಂಡು, ಬಾಗಿಲಿದ್ದ ಜಾಗದಿಂದ ಮಾವ ನುಗ್ಗಿ ಬಂದರು. ಮಗಳನ್ನು ತಬ್ಬಿಕೊಂಡರು. ಇಬ್ಬರೂ ಅತ್ತರು. ನನ್ನನ್ನೂ ತಬ್ಬಲಿ ಎಂದು ಎರಡು ಹೆಜ್ಜೆ ಮುಂದೆ ಹೋಗಿ ನಿಂತೆ.

ಮಾವ ಮಗಳ ಹೆಗಲ ಮೇಲಿಂದ ನನ್ನನ್ನು ನೋಡಿದರು.

"ಓ," ಎಂದರು. "ನೀನೂ ಉಳ್ಕೊಂಡ್ಯಾ?"