ವಿಮಾನಕ್ಕೆ ಬಿಟ್ಟ ಒಂದಿಂಚು

ವಿಮಾನವಿರಲಿ, ರೈಲನ್ನೂ ಹತ್ತದ ನನ್ನ ಸೋದರಮಾವನಿಗೆ ಬೆಂಗಳೂರಿನ ವಿಮಾನ ಬೊಂಬಾಯಿಯಲ್ಲಿ ಎಷ್ಟು ಹೊತ್ತಿಗೆ ಇಳಿಯುತ್ತದೆಂದು ವಿಮಾನದವರಿಗಿಂತ ಚೆನ್ನಾಗಿ ಗೊತ್ತಿತ್ತು! ನಗಬೇಡಿ. ನಾನೂ ನಕ್ಕಿದ್ದೆ.

ಎಲ್ಲವೂ ಮಾಮೂಲಾಗಿದ್ದ ಕೊನೆಯ ದಿನ ಅದು. ಮಧುಗಿರಿಯ ಮಾವನ ದರ್ಜಿ ಅಂಗಡಿಗೆ ಶಿರಾದ ಜವಳಿ ಸಾಹೇಬರು ಶೇರ್ವಾನಿ ತೆಗೆದುಕೊಂಡು ಹೋಗಲು ಬಂದಿದ್ದರು. ಹಜ್‌ಗೆ ಹೊರಟವರು. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಬೆಂಗಳೂರಿನಿಂದ ಬೊಂಬಾಯಿಗೆ ವಿಮಾನ, ಅಲ್ಲಿಂದ ಹಡಗು. ವಿಮಾನವೆಂದು ಕೇಳಿದ್ದೇ ತಡ, ಮಾವ ಕತ್ತರಿ ಕೆಳಗಿಟ್ಟರು.

"ಲೇ ಮೇಷ್ಟ್ರೇ, ಇಸ್ಕೂಲ್ ಮ್ಯಾಪು ತಗಂಬಾರ್ಲಾ!"

ಮೇಷ್ಟ್ರು ಎಂದರೆ ನಾನು. ನಕ್ಷೆ ತಂದುಕೊಟ್ಟೆ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಇಂಡಿಯಾ ದೇಶವನ್ನು ಹಾಸಿ, ಸುಕ್ಕು ಸವರಿ, ಮಾವ ಎರಡೂ ಊರುಗಳ ನಡುವೆ ದಾರ ಹಿಡಿದರು. ಆರೂವರೆ ಇಂಚು. ಇಂಚಿಗೆ ಎಂಬತ್ತು ಮೈಲಿ ಎಂದು ನಕ್ಷೆಯ ಮೂಲೆಯಲ್ಲಿತ್ತು. ವಿಮಾನ ಗಂಟೆಗೆ ಇನ್ನೂರು ಮೈಲಿ ಹೋಗುತ್ತದೆಂದು ಸಾಹೇಬರು ವಿಚಾರಿಸಿಕೊಂಡು ಬಂದಿದ್ದರು. ಎರಡೂವರೆ ಗಂಟೆಯ ಮೇಲೆ ಚೂರು ಎಂದೆ ನಾನು. ಮಾವ ದಾರವನ್ನು ಇನ್ನೊಂದಿಂಚು ಎಳೆದು ಗಂಟು ಹಾಕಿದರು.

"ಮೂರು ಗಂಟೆ."

"ಅದ್ಯಾಕೆ ಮಾವ ಒಂದಿಂಚು ಜಾಸ್ತಿ?"

"ಹೊಲಿಗೆಗೆ ಬುಡಬ್ಯಾಡ್ವೇನ್ಲಾ?"

ವಿಮಾನಕ್ಕೆ ಯಾವ ಹೊಲಿಗೆ ಸ್ವಾಮಿ! ಆದರೆ ಮಾವ ಒಂದಿಂಚು ಬಿಡದೆ ಏನನ್ನೂ ಅಳೆದವರಲ್ಲ. ಕೊಳಾಲದ ಮದುಮಗನೊಬ್ಬ ಅಂಗಿ ದೊಗಳೆ ಎಂದು ಜಗಳಕ್ಕೆ ಬಂದಾಗ, "ಆರು ತಿಂಗ್ಳು ತಡಿಯಪ್ಪ, ಮಾವನ ಮನೆ ಊಟ ಮಾತಾಡ್ತದೆ" ಎಂದು ಕಳಿಸಿದ್ದರು. ಆರು ತಿಂಗಳಿಗೆ ಬಂದ, ಹೊಲಿಗೆಯೊಳಗೆ ಬಿಟ್ಟಿದ್ದ ಇಂಚನ್ನೂ ಬಿಚ್ಚಿಸಲು! ಪಾವಗಡದ ಬಸ್ಸು ಬರುವ ಹೊತ್ತಿಗೂ ಇದೇ ಲೆಕ್ಕ. ಆ ಇಂಚಿನಲ್ಲಿ ಒಂದು ಪಂಕ್ಚರ್ರೂ ಡ್ರೈವರನ ಕಾಫಿಯೂ ಸರಿಯಾಗಿ ಹಿಡಿಸುತ್ತಿದ್ದವು.

ಸಾಹೇಬರು ಹೊಟ್ಟೆ ಹಿಡಿದು ನಕ್ಕರು. "ಅರೆ ಉಸ್ತಾದ್, ಆಸ್ಮಾನ್‌ನಲ್ಲಿ ಪಂಕ್ಚರ್ ಎಲ್ಲಿದೆ? ಅಲ್ಲಾ ಇಳಿಸಿದಾಗ ಇಳೀತೀನಿ."

"ಇಳೀರಿ ಸಾಹೇಬ್ರೇ, ಗಡಿಯಾರ ನೋಡ್ಕಂಡು ಇಳೀರಿ. ಇಳಿದ ತಕ್ಷಣ ಒಂದು ಕಾರ್ಡು ಹಾಕಿ. ನನ್ನಳತೆ ತಪ್ಪಿದ್ರೆ ಇನ್ಮ್ಯಾಕೆ ಯಾರ ಬಟ್ಟೆಗೂ ಇಂಚು ಬುಡಾಕಿಲ್ಲ!"

ನಗುತ್ತಲೇ ಹೇಳಿದರು. ಆದರೆ ನಲವತ್ತು ವರ್ಷದ ಕಸುಬನ್ನು ದಾರಕ್ಕೆ ಕಟ್ಟಿ ಕೂತಿದ್ದಾರೆಂದು ನನಗೆ ಗೊತ್ತಾಯಿತು.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಅಂಗಡಿಯ ಗಡಿಯಾರ ನೋಡಿ, "ಎದ್ದೈತೆ" ಎಂದರು. ಹನ್ನೆರಡರವರೆಗೆ ಒಂದು ಗುಂಡಿಯನ್ನೂ ಹಾಕಲಿಲ್ಲ. ಆಮೇಲೆ, "ಇಳೀತು ಕಣ್ಲಾ. ನಡಿ ಉಣ್ಣಾನ" ಎಂದರು. ಉಂಡು ಮಲಗಿದವರು ಏಳಲಿಲ್ಲ.

ನಾಲ್ಕನೆಯ ದಿನ ಮಾವನ ಹೆಸರಿಗೆ ಕಾರ್ಡು ಬಂತು. ಬೀಗ ಹಾಕಿದ ಅಂಗಡಿಯ ಮೆಟ್ಟಿಲ ಮೇಲೆ ಕೂತು ನಾನೇ ಓದಿದೆ. "ಬೊಂಬಾಯಿ ಮೇಲೆ ಮೋಡ. ಇಳಿಯಲು ಬಿಡದೆ ಆಕಾಶದಲ್ಲೇ ಸುತ್ತಿಸಿದರು. ನೆಲ ಮುಟ್ಟಿದಾಗ ಸರಿಯಾಗಿ ಹನ್ನೆರಡು. ಉಸ್ತಾದ್, ನಿಮ್ಮ ಇಂಚು ಬೇಕಾಯಿತು."

ಕೆಲಸ ಸಿಕ್ಕ ವರ್ಷ ಮಾವ ಹೊಲಿದುಕೊಟ್ಟ ಕೋಟು ಈಗ ನನಗೆ ಬಿಗಿ. ಹೊಲಿಗೆ ಬಿಚ್ಚಿದರೆ ಒಳಗೆ ಒಂದಿಂಚು ಬಟ್ಟೆ ಇದೆ. ಬಿಚ್ಚಿಕೊಡಲು ಮಾವ ಇಲ್ಲ.