ಹಗ್ಗದೊಳಗಿನ ಅಳಿಯ

ರಾತ್ರಿಯ ಗಾಳಿಗೆ ಅಂಗಳದ ಮರ ಉರುಳಿ ಗೇಟಿಗೆ ಅಡ್ಡಲಾಗಿ ಮಲಗಿದ್ದೇ ಎಲ್ಲ ರಗಳೆಗೂ ಮೂಲ. ಆ ಮನೆಯ ಯಜಮಾನನಾದ ವಾಚ್ ರಿಪೇರಿಯವನಿಗೆ ಅದು ಯಾವ ಮರ ಎಂದೂ ಗೊತ್ತಿರಲಿಲ್ಲ. ಇಷ್ಟು ವರ್ಷ ಅದು ಬಟ್ಟೆ ಒಣಹಾಕುವ ಹಗ್ಗದ ಒಂದು ತುದಿ ಹಿಡಿದುಕೊಂಡಿತ್ತು, ಅಷ್ಟೇ ಪರಿಚಯ.

“ಅಪ್ಪನಿಗೆ ಫೋನ್ ಮಾಡಿದ್ದೀನಿ. ಸಂಜೆ ಲಾರಿ ತಗೊಂಡು ಬರ್ತಾರಂತೆ. ಅಲ್ಲಿವರೆಗೂ ನೀವೇನೂ ಮಾಡೋಕೆ ಹೋಗ್ಬೇಡಿ,” ಎಂದು ಹೇಳಿ ಹೆಂಡತಿ ಕೊಂಬೆ ದಾಟಿಕೊಂಡು ಕೆಲಸಕ್ಕೆ ಹೋದಳು.

ಆ ಕೊನೆಯ ಮಾತು ಅವನನ್ನು ಚುಚ್ಚಿತು. ಮಾವ ಸಾಮಿಲ್ಲಿನಲ್ಲೇ ತಲೆ ನರೆಸಿಕೊಂಡ ಮನುಷ್ಯ. ಚಿಮಟ ಬಿಟ್ಟು ಬೇರೇನೂ ಹಿಡಿಯಲು ಬಾರದವನು ಎಂದು ಅಳಿಯನನ್ನು ನೆಂಟರ ಮುಂದೆಲ್ಲ ಆಡಿಕೊಳ್ಳುತ್ತಿದ್ದರು. ಮನೆಯ ಮಂಚ ಕಾಲು ಮುರಿದುಕೊಂಡು ಇಟ್ಟಿಗೆಯ ಮೇಲೆ ನಿಂತದ್ದನ್ನು ಕಂಡ ಮೇಲಂತೂ ಅವರ ಬಾಯಿಗೆ ಬಿಡುವೇ ಇರಲಿಲ್ಲ. ಅವರು ಬರುವುದರೊಳಗೆ ಮರ ಕೊಯ್ದು ಗೇಟು ಬಿಡಿಸಿಯೇ ತೀರುತ್ತೇನೆಂದು ಅವನು ಹಟ ತೊಟ್ಟ. ಮಾವ ಹಿಂದೊಮ್ಮೆ ಬಿಟ್ಟುಹೋಗಿದ್ದ ಚೈನ್‌ಸಾ ಅಟ್ಟದ ಮೇಲಿತ್ತು. ಬಿಟ್ಟುಹೋಗುವಾಗ ಅವರು ಹೇಳಿದ ಪಾಠವೂ ಅವನಿಗೆ ಬಾಯಿಗೆ ಬರುತ್ತಿತ್ತು.

ಹೆಲ್ಮೆಟ್, ಕನ್ನಡಕ, ಕಿವಿಗೆ ಮುಚ್ಚಳ, ದಪ್ಪ ಬೂಟು ಹಾಕಿಕೊಂಡು ಕನ್ನಡಿ ನೋಡಿದರೆ ಅವನ ಗುರುತು ಅವನಿಗೇ ಸಿಗಲಿಲ್ಲ. ಮಿಷನ್ನನ್ನು ನೆಲದ ಮೇಲಿಟ್ಟು, ಚೈನಿನ ಬ್ರೇಕ್ ಹಾಕಿ, ಹಿಂದಿನ ಹಿಡಿಯನ್ನು ಬೂಟುಗಾಲಲ್ಲಿ ಮೆಟ್ಟಿ ಸ್ಟಾರ್ಟ್ ಮಾಡುವ ದಾರ ಜಗ್ಗಿದ. ಎಷ್ಟೋ ಸಲ ಜಗ್ಗಿದ ಮೇಲೆ ಅದು ಗುರ್ರೆಂದಿತು. ಅಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ತರರು ಬಗಲಲ್ಲೇ ಬಂದು ನಿಂತರು. ಯಾರಾದರೂ ಹತ್ತಿರ ಬಂದರೆ ಮಿಷನ್ ಆಫ್ ಮಾಡಬೇಕು ಎಂಬುದು ಮಾವನ ಕಟ್ಟಪ್ಪಣೆ. ಆಫ್ ಮಾಡಿದ. ಬುಡದಿಂದ ಶುರು ಮಾಡಪ್ಪ ಎಂದು ಹೇಳಿ ಅವರು ಹೋದರು. ಮತ್ತೆ ಜಗ್ಗಿ ಎಬ್ಬಿಸುವಷ್ಟರಲ್ಲಿ ಎದುರುಮನೆಯ ಅಕ್ಕ ಬಂದು ತುದಿಯಿಂದ ಶುರು ಮಾಡು ಎಂದಳು. ಮತ್ತೆ ಆಫ್. ಮೂಲೆಯಂಗಡಿಯವನು ಬಂದು ಮಿಷನ್ನೇ ಸರಿಯಿಲ್ಲ ಎಂದ. ಮಧ್ಯಾಹ್ನವಾದರೂ ಮರದ ಮೇಲೆ ಒಂದು ಗೀರು ಬಿದ್ದಿರಲಿಲ್ಲ, ಅವನ ರಟ್ಟೆ ಮಾತ್ರ ಬಿದ್ದುಹೋಗಿತ್ತು.

ಕೊನೆಗೆ ಬಟ್ಟೆಯ ಹಗ್ಗವನ್ನೇ ಬಿಚ್ಚಿ ಮರದ ಸುತ್ತ ದೂರಕ್ಕೆ ಕಟ್ಟಿ, ಹೆಡ್‌ಮಾಸ್ತರರನ್ನು ಕರೆದು ಕಾವಲಿಗೆ ನಿಲ್ಲಿಸಿದ.

“ಯಾರೇ ಬರಲಿ ಸಾರ್, ಒಳಗೆ ಮಾತ್ರ ಬಿಡ್ಬೇಡಿ.”

ನಿವೃತ್ತಿಯಾದ ಮೇಲೆ ಅವರಿಗೆ ಸಿಕ್ಕ ಮೊದಲ ಅಧಿಕಾರ ಅದು. ಕೈಗೆ ಒಂದು ಕೋಲನ್ನೂ ತೆಗೆದುಕೊಂಡರು.

ಆಮೇಲೆ ಕೆಲಸ ಬೆಣ್ಣೆಯಲ್ಲಿ ಚಾಕು ಆಡಿಸಿದಂತೆ ಸಾಗಿತು. ಬ್ಲೇಡಿನ ಮೂತಿ ಎಲ್ಲೂ ತಾಗಿಸದೆ, ಭುಜಕ್ಕಿಂತ ಮೇಲೆತ್ತದೆ, ಎರಡು ಕೈಯ ಹಿಡಿತ ಸಡಿಲಿಸದೆ ಕೊಯ್ದ. ಸಂಜೆಯ ಹೊತ್ತಿಗೆ ಹಗ್ಗದಾಚೆ ಜನ ಸೇರಿ ಕೈ ಬೀಸುವುದು ಧೂಳು ಕವಿದ ಕನ್ನಡಕದೊಳಗಿಂದ ಮಸುಕಾಗಿ ಕಂಡಿತು. ಒಬ್ಬರಂತೂ ಎರಡೂ ಕೈಯೆತ್ತಿ ಕುಣಿಯುತ್ತಿದ್ದರು. ತನ್ನ ಕೆಲಸ ಮೆಚ್ಚಿ ಕುಣಿಯುತ್ತಿದ್ದಾರೆಂದು ಅವನ ಎದೆ ಉಬ್ಬಿತು. ಕೈ ಬಿಡುವಂತಿಲ್ಲವಲ್ಲ, ತಲೆಯಾಡಿಸಿ ಕೊನೆಯ ತುಂಡನ್ನೂ ಕೊಯ್ದು ಮುಗಿಸಿದ.

ಮಿಷನ್ ಆಫ್ ಮಾಡಿ ಕಿವಿಯ ಮುಚ್ಚಳ ತೆಗೆದರೆ ಮಾವನ ದನಿ ಕೇಳಿಸಿತು. ಕುಣಿಯುತ್ತಿದ್ದವರು ಅವರೇ. ಹೆಡ್‌ಮಾಸ್ತರರು ಅವರಿಗೆ ಕೋಲು ಅಡ್ಡ ಹಿಡಿದು, ಒಬ್ಬರನ್ನೂ ಒಳಗೆ ಬಿಟ್ಟಿಲ್ಲ ಎಂದು ಹೆಮ್ಮೆಯಿಂದ ವರದಿ ಒಪ್ಪಿಸಿದರು.

ಮಾವ ಹಗ್ಗ ದಾಟಿ ಬಂದು ಅಳಿಯನ ಬೂಟು, ಹೆಲ್ಮೆಟ್, ಹತ್ತೂ ಬೆರಳು ಪರೀಕ್ಷಿಸಿದರು.

“ನಾನು ಹೇಳ್ಕೊಟ್ಟಿದ್ದರಲ್ಲಿ ಒಂದೂ ತಪ್ಪಿಲ್ಲ,” ಎಂದು ನಿಟ್ಟುಸಿರಿಟ್ಟು ಒಂದು ತುಂಡಿನ ಮೇಲೆ ಕುಸಿದು ಕುಳಿತರು. “ತೇಗ ಕಣಪ್ಪ ಇದು. ನಿಮಗೊಂದು ಮಂಚ ಮಾಡಿಸೋಣ ಅಂತ, ಇಡೀ ದಿಮ್ಮಿ ಒಯ್ಯೋಕೆ ಲಾರಿ ತಂದಿದ್ದೆ.”

ಅಷ್ಟರಲ್ಲಿ ಹೆಂಡತಿ ಕೆಲಸದಿಂದ ಬಂದಳು. ತುಂಡುಗಳನ್ನು ನೋಡಿದಳು, ಅಪ್ಪನನ್ನು ನೋಡಿದಳು, ಗಂಡನನ್ನು ಮಾತ್ರ ನೋಡಲಿಲ್ಲ. ಇದ್ದುದರಲ್ಲಿ ಚಿಕ್ಕದೊಂದು ತುಂಡನ್ನು ಎತ್ತಿಕೊಂಡು ನೇರ ಮಲಗುವ ಕೋಣೆಗೆ ಹೋಗಿ, ಮಂಚದ ಕೆಳಗಿನ ಇಟ್ಟಿಗೆ ತೆಗೆದು ಅದನ್ನಿಟ್ಟಳು.