ಅತ್ತೆಯವರ ಒಂದೇ ಸಾಲು

ನನ್ನ ಬಲಗೈಯ ನಡುಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಅದಕ್ಕೆ ಕಾರಣ ನನ್ನ ಹೆಂಡತಿಯ ಹೊಲಿಗೆ ಶಾಲೆ. ಅಲ್ಲಿ ಕಲಿತು ಮುಗಿಸಿದ ಇನ್ನೂರ ಹನ್ನೆರಡು ಜನಕ್ಕೆ ಅವತ್ತು ಸಂಜೆ ನಾಲ್ಕಕ್ಕೆ ಪ್ರಮಾಣಪತ್ರ ಕೊಡಬೇಕಿತ್ತು. ಒಬ್ಬೊಬ್ಬರದೂ ಒಂದೊಂದು ಫೈಲು. "ಪ್ರಿಂಟ್ ತೆಗೆಯೋದು ತಾನೆ, ನನಗೆ ಬಿಡು" ಎಂದು ಮೀಸೆ ತಿರುವಿದವನು ನಾನೇ. (ಮೀಸೆ ಇಲ್ಲ, ಇದ್ದಿದ್ದರೆ ಖಂಡಿತ ತಿರುವುತ್ತಿದ್ದೆ.)

ಎಲ್ಲ ಫೈಲುಗಳನ್ನೂ ಒಟ್ಟಿಗೆ ಆರಿಸಿ ಮೌಸಿನ ಬಲಗುಂಡಿ ಒತ್ತಿದೆ. ಪಟ್ಟಿ ಬಿಚ್ಚಿಕೊಂಡಿತು. ಕಾಪಿ ಇತ್ತು, ಡಿಲೀಟ್ ಇತ್ತು, ಪ್ರಿಂಟ್ ಮಾತ್ರ ನಾಪತ್ತೆ! ಒಂದೇ ಫೈಲಿನ ಮೇಲೆ ಒತ್ತಿದರೆ ವಿನಯದಿಂದ ಪ್ರತ್ಯಕ್ಷ. ದೊಡ್ಡ ಗುಂಪು ಆರಿಸಿದರೆ, ನೆಂಟರ ದಂಡು ಕಂಡ ನನ್ನ ಹಾಗೆ ಮಾಯ. ವಿಧಿಯಿಲ್ಲದೆ ಒಂದೊಂದನ್ನೇ ಹಿಡಿದೆ. ಬಲಗುಂಡಿ, ಪಟ್ಟಿ, ಪ್ರಿಂಟ್. ಮತ್ತೆ ಬಲಗುಂಡಿ. ಮಧ್ಯಾಹ್ನ ಒಂದಾದರೂ ನಲವತ್ತು ದಾಟಿರಲಿಲ್ಲ.

"ಏನ್ರೀ ಇದು, ಪ್ರಿಂಟ್ ತೆಗೀತಿದೀರೋ, ಕಸೂತಿ ಹಾಕ್ತಿದೀರೋ?" ಎಂದಳು ಹೆಂಡತಿ.

"ಅವಸರವೇ ಅಪಾಯಕ್ಕೆ ಕಾರಣ ಕಣೇ."

"ಇನ್ನೂರು ಜನ ಕತ್ತರಿ ಹಿಡಿಯೋದು ಕಲಿತವರು ಬರ್ತಾರೆ. ಅಪಾಯ ಅಂದ್ರೇನು ಅಂತ ಆಗ ಗೊತ್ತಾಗುತ್ತೆ."

ಆಗ ಒಳಕೋಣೆಯಿಂದ ಎದ್ದು ಬಂದವರು ಅವಳ ತಾಯಿ, ಅಂದರೆ ನನ್ನ ಅತ್ತೆ. ವಯಸ್ಸು ಎಪ್ಪತ್ತೆರಡು. ಮೂವತ್ತು ವರ್ಷ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವರು. ಅವರ ಕಚೇರಿಗೆ ಮೌಸಿಗಿಂತ ಮೊದಲೇ ಕಂಪ್ಯೂಟರ್ ಬಂದಿತ್ತಂತೆ. ಆಮೇಲಿನದನ್ನೆಲ್ಲ ಪುಸ್ತಕ ಓದಿ ಕಲಿತರಂತೆ.

"ಆ ಇಲೀನ ಆಚೆ ಇಡಿ" ಎಂದರು.

ಇಟ್ಟೆ. ಕುರ್ಚಿಯನ್ನೂ ಬಿಟ್ಟೆ. ಅತ್ತೆ ಪರದೆಯ ಮೇಲೆ ಒಂದು ಕಪ್ಪು ಕಿಟಕಿ ತೆರೆದು, ಕೀಲಿಮಣೆಯ ಕಡೆ ನೋಡದೆಯೇ ಪಟಪಟನೆ ಒಂದು ಸಾಲು ಬರೆದರು.

"ಇದೇನು ಅತ್ತೆ, ಮಂತ್ರವೇ?"

"ಎಂಥ ಮಂತ್ರ! ಹೋಟೆಲಲ್ಲಿ ಪಟ್ಟಿ ತರಿಸ್ಕೊಂಡು ಬೆರಳಿಟ್ಟು ತೋರಿಸ್ತಾರಲ್ಲ, ನೀವು ಮಾಡ್ತಿದ್ದಿದ್ದು ಅದು. ಆ ಪಟ್ಟೀಲಿರೋ ಮಾತಿನ ಹಿಂದೆ ಒಂದು ಆಜ್ಞೆ ಇರುತ್ತೆ. ನಾನು ನೇರ ಅಡುಗೆಮನೆಗೇ ಹೇಳ್ತಿದೀನಿ: ಈ ಫೋಲ್ಡರಲ್ಲಿರೋ ಒಂದೊಂದಕ್ಕೂ 'ಪ್ರಿಂಟ್' ಅನ್ನು, ಅಂತ."

ಕಿರುಬೆರಳಿನಿಂದ ಎಂಟರ್ ಒತ್ತಿದರು. ಹಜಾರದಲ್ಲಿದ್ದ ಪ್ರಿಂಟರು ಗಂಟಲು ಸರಿಪಡಿಸಿಕೊಂಡಿತು. ಆಮೇಲೆ ಹೊರಟಿತು ನೋಡಿ ಪತ್ರಪ್ರವಾಹ! ಯಾರೂ ಮುಟ್ಟುತ್ತಿಲ್ಲ, ಯಾರೂ ಒತ್ತುತ್ತಿಲ್ಲ. ಹಾಳೆಯ ಮೇಲೆ ಹಾಳೆ ತಾನಾಗಿ ಬಂದು ಬೀಳುತ್ತಿದೆ. ನಾನು ಬಾಯಿ ಬಿಟ್ಟುಕೊಂಡು ನಿಂತೆ. ಹದಿನೆಂಟು ವರ್ಷ ಒಂದೇ ಸೂರಿನಡಿ ಇದ್ದೂ ಈ ಮಹಾಮಹಿಮರನ್ನು ಬರೀ ಅತ್ತೆ ಎಂದುಕೊಂಡಿದ್ದೆನಲ್ಲ! ಎರಡೂವರೆಗೆಲ್ಲ ಕೆಲಸ ಮುಗಿದಿತ್ತು. ಅತ್ತೆ ಹಜಾರದಲ್ಲಿ ಕೂತು ಪತ್ರ ಜೋಡಿಸತೊಡಗಿದರು.

ಉಳಿದಿದ್ದು ನನ್ನ ಸ್ವಾಗತ ಭಾಷಣ, ಒಂದೇ ಹಾಳೆ. ಬಲಗುಂಡಿ ಸಾಕಿತ್ತು. ಆದರೆ ಆನೆ ಏರಿದವನು ಕತ್ತೆಯ ಕಡೆ ತಿರುಗಿ ನೋಡುತ್ತಾನೆಯೇ? ಅತ್ತೆಯ ಸಾಲನ್ನೇ ನಕಲು ಮಾಡಿ, ಅವರು ಬರೆದ ಫೋಲ್ಡರಿನ ಹೆಸರಿನ ಜಾಗದಲ್ಲಿ ಭಾಷಣವಿದ್ದ ನನ್ನ ಫೋಲ್ಡರಿನ ಹೆಸರು ಹಾಕಿ, ಕಿರುಬೆರಳಿನಿಂದಲೇ ಎಂಟರ್ ಒತ್ತಿದೆ.

ಒಂದೊಂದಕ್ಕೂ ಎಂದರೆ ಒಂದೊಂದಕ್ಕೂ.

ಭಾಷಣ ಬಂತು. ನನ್ನ ತೂಕ ಇಳಿಸುವ ವೇಳಾಪಟ್ಟಿ ಬಂತು. ಅರ್ಧಕ್ಕೆ ನಿಂತ ಮೂರು ಕವನ ಬಂದವು. ನಾನು ಹಜಾರಕ್ಕೆ ಓಡುವಷ್ಟರಲ್ಲಿ ಕೊನೆಯ ಹಾಳೆ ಅತ್ತೆಯವರ ಕೈಯಲ್ಲಿತ್ತು: 'ಅತ್ತೆಯವರ ಅವಗುಣಗಳು: ಹದಿನೇಳು ಅಂಶಗಳ ಸಮಗ್ರ ಅಧ್ಯಯನ.'

ಹೆಂಡತಿ ಹಿಂದಿನಿಂದ ಇಣುಕಿ ಓದುತ್ತಿದ್ದಳು. ಅವಳ ಕೈಯಲ್ಲಿ ಕತ್ತರಿಯಿತ್ತು. ನೆಲ ಬಾಯಿಬಿಡಲಿ ಎಂದುಕೊಂಡೆ. ಗಟ್ಟಿ ನೆಲ, ಬಿಡಲಿಲ್ಲ.

ಅತ್ತೆ ಕೆಂಪು ಪೆನ್ನು ತರಿಸಿಕೊಂಡರು.

"ಮೂರನೇದು ನೋಡಿ, ಅಳಿಯಂದಿರೇ. 'ಧರ್ಪ' ಅಲ್ಲ, 'ದರ್ಪ.' ನನ್ನ ದರ್ಪಕ್ಕೆ ಹೊಟ್ಟೆ ಸೀಳೋ ಅಗತ್ಯ ಇಲ್ಲ."

"ತಪ್ಪಾಯ್ತು ಅತ್ತೆ."

"ಕಾಗುಣಿತ ತಪ್ಪಿದೆ, ವಿಷಯ ತಪ್ಪಿಲ್ಲ. ಆದ್ರೆ ಸಮಗ್ರ ಅಂತೀರಿ, ಒಂದು ಬಿಟ್ಟೇ ಹೋಗಿದೆ. ಕೂತ್ಕೊಳ್ಳಿ, ಬರ್ಕೊಳ್ಳಿ."

ಕಂಪ್ಯೂಟರಿನ ಮುಂದೆ ಕೂತೆ. ಅವರು ನನ್ನ ಬೆನ್ನ ಹಿಂದೆ ನಿಂತು, ಕಚೇರಿಯ ಗತ್ತಿನಲ್ಲಿ ನಿಧಾನವಾಗಿ ಹೇಳಿದರು:

"ಹದಿನೆಂಟು. ಯೋಗ್ಯತೆ ನೋಡದೆ ಕಂಡಕಂಡವರಿಗೆಲ್ಲ ವಿದ್ಯೆ ಹೇಳಿಕೊಡುತ್ತಾರೆ."

ಒಂದು ಕಾಗುಣಿತವೂ ತಪ್ಪದ ಹಾಗೆ ಬರೆದುಕೊಂಡೆ.